ಚಾಲಕನ ಸೀಟನ್ನು ಮುಂದಕ್ಕೆ ಸರಿಸುವ ಬಗ್ಗೆ

ಲಾರಿ ನಿರ್ವಹಣಾ ಕಚೇರಿ
(ಮನೆಯ ಪಡಸಾಲೆ), ಚನ್ನಗಿರಿ

ಸಂಖ್ಯೆ: ಲಾ.ನಿ.ಕ/ಪಡಸಾಲೆ/02/2025-26
ದಿನಾಂಕ: ಭಾನುವಾರ, ಸಂಜೆ

ವಿಷಯ: ಲಾರಿಯ ಭಾಗಗಳನ್ನು ಹೊಸ ಮಾಲೀಕರಿಗೆ ಪರಿಚಯಿಸುವ ಹಾಗೂ ಚಾಲಕನ ಸೀಟನ್ನು ಮುಂದಕ್ಕೆ ಸರಿಸುವ ಬಗ್ಗೆ.

ಉಲ್ಲೇಖ:
1. “ಕ್ಯಾಬಿನ್ನಿನ ಒಳಗಿರುವ ಯಾವುದನ್ನೂ ಯಾರೂ ಕದಲಿಸಕೂಡದು” ಎಂಬ ಇದೇ ಕಚೇರಿಯ ಸುತ್ತೋಲೆ ಸಂಖ್ಯೆ 01.
2. ಚಾಲಕರಾದ ಶ್ರೀ ಜಂಪಣ್ಣ, ಸೊಕ್ಕೆ ಗ್ರಾಮ, ಇವರ ಮೌಖಿಕ ಮನವಿ.
3. ಸದರಿ ಮನವಿಯನ್ನು ಅವರೇ ಗಟ್ಟಿಯಾಗಿ ಮತ್ತೊಮ್ಮೆ ಹೇಳಿದ್ದು.

ಪ್ರಸ್ತಾವನೆ:

ಹತ್ತು ಚಕ್ರದ ಲಾರಿಯೊಂದರ ಮಾಲೀಕರೂ ಚಾಲಕರೂ ಆಗಿದ್ದ ಶ್ರೀ ಎಂ. ಸತೀಶ್ ಕುಮಾರ್ ಅವರು ಕಳೆದ ಆಷಾಢದಲ್ಲಿ ಮನೆಯಲ್ಲೇ ಹೃದಯಾಘಾತದಿಂದ ನಿಧನರಾದ ಕಾರಣ, ಮಾಲೀಕರ ಹುದ್ದೆಯು ಅವರ ಪತ್ನಿ ಶ್ರೀಮತಿ ಪ್ರಮೀಳಾ, ಎಂ.ಎ. (ಸಮಾಜಶಾಸ್ತ್ರ), ಇವರಿಗೆ ಅರ್ಜಿ, ಸಂದರ್ಶನ ಯಾವುದೂ ಇಲ್ಲದೆ ದೊರೆತಿರುತ್ತದೆ. ಲಾರಿಯ ವಿಷಯದಲ್ಲಿ ಹೊಸ ಮಾಲೀಕರಿಗಿದ್ದ ಪೂರ್ವಾನುಭವವೆಂದರೆ, ಹಾರನ್ ಕೇಳಿದಾಗ ಗೇಟು ತೆಗೆಯುವುದು.

ಹಿಂದಿನ ಮಾಲೀಕರು ಎತ್ತರದ ಆಳಾಗಿದ್ದು, ಚಾಲಕನ ಸೀಟು ಅವರ ಕಾಲಿನ ಅಳತೆಗೆ ಪೂರ್ತಿ ಹಿಂದಕ್ಕಿರುತ್ತದೆ. ಈಗಿನ ಚಾಲಕರಾದ ಶ್ರೀ ಜಂಪಣ್ಣನವರು ಗಿಡ್ಡಗಿರುತ್ತಾರೆ. ಸುತ್ತೋಲೆ 01ರ ಕಾರಣ ಸೀಟನ್ನು ಸರಿಸುವಂತಿಲ್ಲವಾದ್ದರಿಂದ, ಅವರು ಬೆನ್ನ ಹಿಂದೆ ಗೋಣಿಚೀಲ ಮಡಿಚಿಟ್ಟುಕೊಂಡು ಡೀಸೆಲ್ ಬಂಕಿನವರೆಗೆ ಹೋಗಿಬಂದಿದ್ದು, ಇಳಿದ ಕೂಡಲೇ ಈ ಕೆಳಕಂಡಂತೆ ಮನವಿ ಸಲ್ಲಿಸಿರುತ್ತಾರೆ:

“ಅಕ್ಕೋರೆ, ಬ್ರೇಕು ಸರಿಯಾಗಿ ಎಟುಕಾಕಿಲ್ಲ. ಖಾಲಿ ಗಾಡಿ ಅಂತ ಹೆಂಗೋ ಓಡಿಸ್ದೆ. ನಾಳೆ ಹೊನ್ನಾಳ್ಯಾಗೆ ಅಕ್ಕಿ ಲೋಡು ಹಾಕ್ಕಂಡು ಜಗಳೂರು ಮುಟ್ಟಿಸ್ಬೇಕು. ಹಿಂಗೆ ಮಲಕ್ಕಂಡು ಓಡಿಸಾಕೆ ಆಗುತ್ತೇನ್ರಿ? ಸೀಟು ಸರಿಸ್ರಿ. ಇಲ್ಲಾಂದ್ರೆ ನನ್ನ ಬಿಟ್ಬಿಡ್ರಿ, ಬ್ಯಾರೆ ಗಾಡಿ ನೋಡ್ಕಂತೀನಿ.”

ಚಾಲಕರು ಬಿಟ್ಟುಹೋದಲ್ಲಿ ಲಾರಿಯನ್ನು ನ್ಯಾಮತಿಯ ಶ್ರೀ ವಿರೂಪಾಕ್ಷಪ್ಪ ಎಂಬುವರಿಗೆ ಮಾರಲಾಗುವುದೆಂದು ಮಾಲೀಕರ ಮಾವನವರಾದ ಶ್ರೀ ಮುರುಗೇಶಪ್ಪನವರು ತಿಳಿಸಿರುತ್ತಾರೆ. ಅವರ ಮಾತು ಯಥಾವತ್ತಾಗಿ: “ನೋಡವ್ವ, ಸೀಟು ಸರಿಸಾಕೆ ನಿನ್ನ ಕೈ ಬರಾಕಿಲ್ಲ ಅಂದ್ರೆ, ಮಾರಾಕೆ ನನ್ನ ಕೈಯಾದ್ರೂ ಬರ್ಲಿ.”

ವಿಷಯವನ್ನು ಸಮಗ್ರವಾಗಿ ಅಧ್ಯಯನ ಮಾಡದೆ ತೀರ್ಮಾನ ಕೈಗೊಳ್ಳುವುದು ಎಂ.ಎ. ಪದವಿಗೆ ಶೋಭೆಯಲ್ಲವೆಂದು ಭಾವಿಸಿದ ಮಾಲೀಕರು, ಲಾರಿಯನ್ನು ಹಿಂಬದಿಯಿಂದ ಓದಲು ಆರಂಭಿಸಿದರು. ಸೀಟು ಮುಂಬದಿಯಲ್ಲಿರುವುದು ಕಾಕತಾಳೀಯವೆಂದು ಪರಿಗಣಿಸತಕ್ಕದ್ದು. ಅಧ್ಯಯನದ ಫಲವಾಗಿ ಹೊರಡಿಸಿದ ಆದೇಶಗಳು ಹೀಗಿವೆ:

1. ವಾಹನವನ್ನು ಇನ್ನು ಮುಂದೆ “ಗಾಡಿ” ಎಂದೇ ಕರೆಯತಕ್ಕದ್ದು. ಬಂಕಿನವರೂ ಹಮಾಲರೂ ಕರೆಯುವುದು ಹಾಗೆಯೇ. “ಅವರ ಲಾರಿ” ಎಂಬ ಪ್ರಯೋಗ ಮಾಲೀಕರಲ್ಲಿ ಮಾತ್ರ ಕಂಡುಬಂದಿದ್ದು, ಅದನ್ನು ಹಂತಹಂತವಾಗಿ ಕೈಬಿಡಲಾಗುವುದು.

2. ತಾಡಪಾಲು: ಲೋಡಿನ ಮೇಲೆ ಹೊದಿಸಿ ಹಗ್ಗದಿಂದ ಬಿಗಿಯುವ ದಪ್ಪ ಹೊದಿಕೆ. ಮಾಲೀಕರು ಇದನ್ನು ಬಿಚ್ಚಿ ಒಣಹಾಕಿ, ಮತ್ತೆ ಮಡಿಚಲು ಬಾರದೆ, ಸಂಡಿಗೆ ಇಡಲು ತೆಗೆದದ್ದೆಂದು ಸಮಜಾಯಿಷಿ ನೀಡಿರುತ್ತಾರೆ. ಅತ್ತೆಯವರಾದ ಶ್ರೀಮತಿ ಕಸ್ತೂರಮ್ಮನವರು “ಇಷ್ಟು ಸಂಡಿಗೆ ತಿನ್ನಾಕೆ ಇಡೀ ಚನ್ನಗಿರೀನೆ ಊಟಕ್ಕೆ ಕರೀಬೇಕಾಗುತ್ತಲ್ಲೇ” ಎಂದು ಷರಾ ಬರೆದಿರುತ್ತಾರೆ (ಬಾಯಲ್ಲಿ). ಸಮಜಾಯಿಷಿಯನ್ನು ತಿರಸ್ಕರಿಸಲಾಗಿದೆ.

3. ಚಕ್ರಗಳು: ಮಾಲೀಕರು ಗಾಡಿಯ ಸುತ್ತ ಬಂದು ಎಣಿಸಲಾಗಿ ಆರೇ ಚಕ್ರಗಳು ಕಂಡುಬಂದು, ನಾಲ್ಕು ಕಳುವಾಗಿವೆಯೆಂದು ದೂರು ಬರೆಯಲು ಕಾಗದ ತೆಗೆದುಕೊಂಡಿದ್ದು ನಿಜ. “ಹಿಂದೆ ಜೋಡಿ ಟೈರು ಇರ್ತಾವ್ರಿ ಅಕ್ಕೋರೆ. ಒಳಗೊಂದೊಂದು ಐತೆ, ಬಗ್ಗಿ ನೋಡ್ರಿ” ಎಂದು ಚಾಲಕರು ಸ್ಪಷ್ಟೀಕರಣ ನೀಡಿದ ಮೇರೆಗೆ ಬಗ್ಗಿ ನೋಡಲಾಯಿತು. ನಾಲ್ಕೂ ಸುರಕ್ಷಿತವಾಗಿರುತ್ತವೆ. ಇನ್ನು ಮುಂದೆ ಬಗ್ಗದೆ ಯಾವುದನ್ನೂ ಎಣಿಸತಕ್ಕದ್ದಲ್ಲ. ಸ್ಟೆಪ್ನಿಯು ಪಂಕ್ಚರ್ ಆದಾಗ ಹಾಕುವ ಹೆಚ್ಚುವರಿ ಚಕ್ರವಾಗಿದ್ದು, ಹತ್ತರ ಲೆಕ್ಕಕ್ಕೆ ಸೇರುವುದಿಲ್ಲ.

4. ಕಲ್ಲು: ಇಳಿಜಾರಿನಲ್ಲಿ ನಿಲ್ಲಿಸಿದಾಗ ಚಕ್ರಕ್ಕೆ ಕೊಡುವ ಕಲ್ಲು ಸಹ ಗಾಡಿಯ ಸಲಕರಣೆಯೇ ಆಗಿರುತ್ತದೆ. ಅಂಗಳ ಗುಡಿಸುವಾಗ ಅದನ್ನು ಚರಂಡಿಗೆ ಎಸೆದವರು ಯಾರೆಂಬುದರ ತನಿಖೆಯನ್ನು ಮಾಲೀಕರಿಗೇ ವಹಿಸಲಾಗಿತ್ತು. ಅವರು ತಪ್ಪಿತಸ್ಥರನ್ನು ಕೂಡಲೇ ಗುರುತಿಸಿ, ಎಚ್ಚರಿಕೆ ನೀಡಿ ಬಿಟ್ಟಿರುತ್ತಾರೆ.

5. ಗಾಳಿ ಬ್ರೇಕು: ಈ ಗಾಡಿಯ ಬ್ರೇಕು ಗಾಳಿಯ ಒತ್ತಡದಿಂದ ಹಿಡಿಯುತ್ತದೆ. ಇಂಜಿನ್ ಚಾಲೂ ಮಾಡಿ, ಗಾಳಿ ತುಂಬಿ, ಒತ್ತಡ ತೋರಿಸುವ ಮೀಟರಿನ ಮುಳ್ಳು ಮೇಲೇರುವವರೆಗೆ ಗಾಡಿಯನ್ನು ಕದಲಿಸತಕ್ಕದ್ದಲ್ಲ. ನಿಲ್ಲಿಸುವಾಗ ಗಾಳಿ ಹೊರಬಿದ್ದು “ಪುಸ್ಸ್” ಎಂಬ ಶಬ್ದ ಬರುತ್ತದೆ. ದಿನವಿಡೀ ದುಡಿದು ಬಂದವರು ಕೂರುವಾಗ ಬಿಡುವ ಉಸಿರಿಗೆ ಈ ಶಬ್ದವನ್ನು ಹೋಲಿಸತಕ್ಕದ್ದಲ್ಲ. ಅಡುಗೆಮನೆಯಿಂದ “ಬಂದ್ರಾ?” ಎಂದು ಕೇಳತಕ್ಕದ್ದಲ್ಲ. ಈ ಕಲಂ ಈಗಾಗಲೇ ಒಮ್ಮೆ ಉಲ್ಲಂಘನೆಯಾಗಿದ್ದು, ಬಂಕಿನಿಂದ ಬಂದ ಜಂಪಣ್ಣನವರು “ಹೂಂ, ಬಂದೆ ಕಣ್ರಿ” ಎಂದು ಉತ್ತರಿಸಿ ಸನ್ನಿವೇಶವನ್ನು ನಿಭಾಯಿಸಿರುತ್ತಾರೆ.

6. ಪೆಡಲುಗಳು: ಎಡಗಡೆ ಕ್ಲಚ್ಚು, ನಡುವೆ ಬ್ರೇಕು, ಬಲಗಡೆ ಆಕ್ಸಿಲರೇಟರ್. ಕ್ಯಾಬಿನ್ ಹತ್ತುವುದು ಸುತ್ತೋಲೆ 01ರ ವ್ಯಾಪ್ತಿಗೆ ಬರುತ್ತದೆಂದು ಸ್ವತಃ ಅರ್ಥೈಸಿಕೊಂಡ ಮಾಲೀಕರು, ನೆಲದ ಮೇಲೆ ನಿಂತೇ ಬಾಗಿಲಿನಿಂದ ಕೈಚಾಚಿ ಮೂರನ್ನೂ ಒತ್ತಿ ನೋಡಿರುತ್ತಾರೆ. “ಅಕ್ಕೋರೆ, ಇವು ಕಾಲಾಗೆ ಒತ್ತೋವು” ಎಂಬ ಚಾಲಕರ ಸಲಹೆಯನ್ನು ದಾಖಲಿಸಿಕೊಳ್ಳಲಾಗಿದೆ. ಅಧ್ಯಯನ ಮಾಡಲು ಇನ್ನಾವ ಭಾಗವೂ ಉಳಿದಿಲ್ಲವೆಂದು ಪ್ರಮಾಣೀಕರಿಸಲಾಗಿದೆ.

7. ಸೀಟು: ಕೆಳಗೆ ಒಂದು ಕಬ್ಬಿಣದ ಹಿಡಿ ಇರುತ್ತದೆ. ಅದನ್ನು ಎತ್ತಿ ಹಿಡಿದು ಎಳೆದಲ್ಲಿ ಸೀಟು ಮುಂದೆ ಬರುತ್ತದೆ. ಈ ಸಂಬಂಧ ಅನುಸರಿಸಬೇಕಾದ ಕ್ರಮ:

(ಅ) ಮಾಲೀಕರು ಕ್ಯಾಬಿನ್ ಹತ್ತತಕ್ಕದ್ದು. ಹಿಡಿಯನ್ನು ಅವರೇ ಎತ್ತತಕ್ಕದ್ದು.

(ಆ) ಆ ವೇಳೆ ಚಾಲಕರು ರಸ್ತೆಯ ಕಡೆ ಮುಖಮಾಡಿ ನಿಂತು, ಇಲ್ಲದ ವಾಹನಗಳನ್ನು ಗಮನಿಸತಕ್ಕದ್ದು.

(ಇ) ಮಾಲೀಕರ ಕೈ ಅವಶ್ಯಕತೆಗಿಂತ ಹೆಚ್ಚು ಹೊತ್ತು ಹಿಡಿಯ ಮೇಲೆ ಇದ್ದಲ್ಲಿ, ಗ್ರೀಸ್ ತಪಾಸಣೆ ನಡೆಯುತ್ತಿದೆಯೆಂದು ಭಾವಿಸತಕ್ಕದ್ದು.

ಮೇಲಿನ ಕ್ರಮವನ್ನು ಇಂದು ಸಂಜೆ ಅನುಸರಿಸಲಾಯಿತು. ಸೀಟು ಅಲುಗಲಿಲ್ಲ. ಚಾಲಕರು ರಸ್ತೆಯ ಕಡೆಯಿಂದ ಮುಖ ತಿರುಗಿಸದೆಯೇ “ಅಣ್ಣೋರು ಒಂದ್ಸಲಾನೂ ಸರಿಸಿರ್ಲಿಲ್ಲ, ಬಿಗ್ದೈತೆ. ಜೋರಾಗಿ ಎಳೀರಿ ಅಕ್ಕೋರೆ. ಏನೂ ಮುರಿಯಾಕಿಲ್ಲ” ಎಂದಿರುತ್ತಾರೆ.

ಜೋರಾಗಿ ಎಳೆಯಲಾಯಿತು. ಸೀಟು ಒಂದು ಗೇಣು ಮುಂದೆ ಬಂದಿರುತ್ತದೆ. ಏನೂ ಮುರಿದಿರುವುದಿಲ್ಲ.

8. ಸೀಟು ಮುಂದೆ ಬಂದ ಪರಿಣಾಮ ಅದರ ಹಿಂದೆ ಒಂದು ಗೇಣು ಜಾಗ ಖಾಲಿಯಾಗಿದೆ. ಸದರಿ ಜಾಗವನ್ನು ಏನು ಮಾಡಬೇಕೆಂಬ ಬಗ್ಗೆ ಈ ಕಚೇರಿಯಲ್ಲಿ ಯಾವುದೇ ನಿಯಮ ಇರಲಿಲ್ಲ. ಮಾಲೀಕರು ಅದನ್ನು ನೋಡುತ್ತ ಕುಳಿತಿದ್ದಾಗ, “ಇಲ್ಲಿ ನನ್ನ ಬುತ್ತಿ ಚೀಲ ಇಟ್ಕಂಬೋದೇನ್ರಿ?” ಎಂದು ಚಾಲಕರು ವಿಚಾರಿಸಿರುತ್ತಾರೆ. ಇಟ್ಟುಕೊಳ್ಳಬಹುದು.

9. ಸುತ್ತೋಲೆ 01ನ್ನು ತಕ್ಷಣದಿಂದ ಹಿಂಪಡೆಯಲಾಗಿದೆ. ಸೋಮವಾರ ಬೆಳಿಗ್ಗೆ ಗಾಡಿಯು ಹೊನ್ನಾಳಿಗೆ ಹೊರಡುವುದು. ಮಾಲೀಕರು ಎಡಗಡೆಯ ಸೀಟಿನಲ್ಲಿ ಜಗಳೂರಿನವರೆಗೂ ಹೋಗತಕ್ಕದ್ದು. ದಾರಿಯಲ್ಲಿ “ಇದೇನು?” ಎಂದು ಕೇಳುವ ಹಕ್ಕನ್ನು ಚಾಲಕರು ಗೇರ್ ಬದಲಿಸದಿರುವ ಹೊತ್ತಿಗೆ ಸೀಮಿತಗೊಳಿಸಲಾಗಿದೆ.

ಸಹಿ/-
(ಪ್ರಮೀಳಾ)
ಮಾಲೀಕರು
(ಪರೀಕ್ಷಾರ್ಥ ಅವಧಿಯಲ್ಲಿ)

ಪ್ರತಿಗಳು:

1. ಶ್ರೀ ಜಂಪಣ್ಣ, ಚಾಲಕರು. ಪಾಲನೆಗಾಗಿ. (“ಸೀಟು ಸರದೈತಲ್ಲ, ಮತ್ಯಾಕ್ರಿ ಕಾಗ್ದ?” ಎಂಬ ಷರಾದೊಂದಿಗೆ ಹಿಂತಿರುಗಿಸಿರುತ್ತಾರೆ.)

2. ಶ್ರೀ ಮುರುಗೇಶಪ್ಪನವರು. ಗಾಡಿ ಮಾರಾಟಕ್ಕಿಲ್ಲವೆಂದು ನ್ಯಾಮತಿಗೆ ಫೋನ್ ಮಾಡುವ ಸಲುವಾಗಿ.

3. ಶ್ರೀಮತಿ ಕಸ್ತೂರಮ್ಮನವರು. ಬೆಳಿಗ್ಗೆ ಇಬ್ಬರಿಗೆ ರೊಟ್ಟಿ ಕಟ್ಟಿಕೊಡುವ ಸಲುವಾಗಿ.

4. ಶ್ರೀ ಎಂ. ಸತೀಶ್ ಕುಮಾರ್, ಹಿಂದಿನ ಮಾಲೀಕರು. ಆಕ್ಷೇಪಣೆಯಿದ್ದಲ್ಲಿ ಸಲ್ಲಿಸುವುದು. ಕಾಲಮಿತಿ ನಿಗದಿಪಡಿಸಿರುವುದಿಲ್ಲ.