ಕರಡಿಯನ್ನು ಉಜ್ಜಿದ ಫಲ

"ಈ ಮನೆಯಲ್ಲಿ ಇನ್ನು ಮುಂದೆ ಹಣೆಬರಹ ಬರೆಯುವವನು ನಾನೇ!" ಹೀಗೆಂದು ಘೋಷಿಸಿ ನಾನು ಊಟದ ಮೇಜಿನ ಮೇಲೆ ಮರದ ದಾಳವೊಂದನ್ನು ಇಟ್ಟೆ. ಸ್ವಹಸ್ತದಿಂದ ಕೊರೆದದ್ದು. ಆರು ಮುಖಗಳಲ್ಲಿ ಕರಡಿ, ಬಾವಿ, ಕಳ್ಳ, ಸೇತುವೆ, ಕುದುರೆ, ನಿಧಿ. ನಾನೇ ಕಂಡುಹಿಡಿದ 'ಕಾಡುದಾರಿ' ಎಂಬ ಬೋರ್ಡ್ ಆಟದಲ್ಲಿ ಪಯಣಿಗನಿಗೆ ಏನು ಎದುರಾಗುತ್ತದೆಂದು ಈ ದಾಳವೇ ಹೇಳಬೇಕು. ಭಾನುವಾರ ಸಂಜೆ ಆಟಿಕೆ ಅಂಗಡಿಯ ಯಜಮಾನರು ನೋಡಲು ಬರುವವರಿದ್ದರು. ಒಪ್ಪಿದರೆ ಆಟ ಅವರ ಅಂಗಡಿಯ ಗಾಜಿನ ಕಪಾಟಿನಲ್ಲಿ ಕೂರುತ್ತದೆ. ಒಪ್ಪದಿದ್ದರೆ, ಆಫೀಸಿನಲ್ಲೆಲ್ಲ ಜಂಬ ಕೊಚ್ಚಿಕೊಂಡು ಬಂದಿದ್ದ ನಾನು ಸೋಮವಾರ ಯಾವ ಮುಖ ಹೊತ್ತು ಹೋಗಲಿ?

"ದಾಳ ಬೇಡ ರೀ, ಕಾರ್ಡ್ ಮಾಡಿ" ಎಂದಳು ಹೆಂಡತಿ. ಬಸ್ ಡಿಪೋದಲ್ಲಿ ಡ್ರೈವರುಗಳ ಪಾಳಿ ಹಂಚುವುದು ಅವಳ ಕೆಲಸ. "ದಾಳಕ್ಕೆ ನೆನಪಿರಲ್ಲ. ರಾತ್ರಿ ಪಾಳಿ ಯಾರಿಗೆ ಅಂತ ನಾವೂ ಒಮ್ಮೆ ದಾಳ ಹಾಕಿದ್ವಿ. ಒಬ್ಬನಿಗೇ ವಾರವಿಡೀ ಬಂತು. ಅವನ ಹೆಂಡ್ತಿ ಡಿಪೋಗೇ ಬಂದು ಜಗಳಕ್ಕೆ ನಿಂತ್ಲು. ಈಗ ಕಾರ್ಡ್ ಎತ್ತಿಸ್ತೀನಿ. ಎತ್ತಿದ ಕಾರ್ಡ್ ಪಕ್ಕಕ್ಕೆ ಹೋಗುತ್ತೆ, ಎಲ್ಲರ ಸರದಿ ಮುಗಿಯೋವರೆಗೂ ವಾಪಸ್ ಬರಲ್ಲ."

"ವಿಧಿ ಅಂದ್ರೆ ಬಸ್ ಡಿಪೋ ಅಲ್ಲ ಕಣೇ."

"ಹಾಗಾದ್ರೆ ಊರಿಂದ ಬಂದಿರೋ ನಮ್ಮಮ್ಮನ ಜೊತೆ ಒಂದಾಟ ಆಡಿ ನೋಡಿ."

ಶನಿವಾರ ಅತ್ತೆಯವರು ಕನ್ನಡಕ ಒರೆಸಿಕೊಂಡು ಆಟಕ್ಕೆ ಕೂತರು. ದಾಳ ಹಾಕಿದರು, ಕರಡಿ. ಕರಡಿ ಬಂದರೆ ಎರಡು ಮನೆ ಹಿಂದಕ್ಕೆ ಹೋಗಬೇಕು. ಮತ್ತೆ ಹಾಕಿದರು, ಮತ್ತೆ ಕರಡಿ. ಮೂರನೆಯ ಕರಡಿಗೆ ಅವರು ಕನ್ನಡಕ ತೆಗೆದು ಮಗಳತ್ತ ತಿರುಗಿದರು. "ನಾನು ಬಂದಿದ್ದು ಇಷ್ಟ ಇಲ್ದಿದ್ರೆ ಅಳಿಯಂದ್ರು ಬಾಯಿಬಿಟ್ಟು ಹೇಳ್ಬಹುದಿತ್ತು" ಎಂದು ಕೋಣೆ ಸೇರಿಕೊಂಡರು.

ಸೋಲೊಪ್ಪುವ ಜಾಯಮಾನ ನನ್ನದಲ್ಲ. ಮರಳು ಕಾಗದ ತಂದು ದಾಳದ ಕರಡಿಯ ಮುಖವನ್ನು ಚೆನ್ನಾಗಿ ಉಜ್ಜಿ ತೆಳ್ಳಗೆ ಮಾಡಿ, ಅದರ ಮೇಲೆ ಚಿಕ್ಕದಾಗಿ ಕರಡಿಯನ್ನು ಮತ್ತೆ ಬರೆದೆ. ತೆಳ್ಳಗಾದರೆ ಕರಡಿ ಕಮ್ಮಿ ಬರುತ್ತದೆಂಬುದು ನನ್ನ ಘನ ಸಿದ್ಧಾಂತ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, ಬಣ್ಣದ ಪೆನ್ಸಿಲ್ ಎತ್ತಿಕೊಂಡು ಹೋದಳು. ನಾನು ಆಗಲೇ ಹುಷಾರಾಗಬೇಕಿತ್ತು.

ಭಾನುವಾರ ಯಜಮಾನರು ದಾಳ ಉರುಳಿಸಿದರು. ಕರಡಿ. ಮತ್ತೆ ಉರುಳಿಸಿದರು. ಬಾವಿ. ಆಮೇಲೆ ಕರಡಿ, ಬಾವಿ, ಕರಡಿ, ಬಾವಿ! ಚಪ್ಪಟೆಯಾದ ದಾಳ ಎದುರುಬದುರಾಗಿದ್ದ ಆ ಎರಡು ಮುಖಗಳ ಮೇಲೇ ಆರಾಮಾಗಿ ಕೂರತೊಡಗಿತ್ತು. ಯಜಮಾನರು ಕಾಡಿನ ಬಾಗಿಲನ್ನೇ ದಾಟಲಿಲ್ಲ. ಗಡಿಯಾರ ನೋಡಿಕೊಂಡರು. ನನ್ನ ಬೆವರು ಬೋರ್ಡಿನ ಮೇಲೆ ತೊಟ್ಟಿಕ್ಕಿತು.

ಆಗ ಬಂದಳು ನೋಡಿ ನನ್ನ ಹೆಂಡತಿ, ಕೈಯಲ್ಲೊಂದು ಕಾರ್ಡ್ ಕಟ್ಟು ಹಿಡಿದು. ಡಿಪೋದ ಹಳೆಯ ಪಾಳಿ ಕಾರ್ಡುಗಳ ಹಿಂಬದಿಯಲ್ಲಿ ಬಣ್ಣದ ಪೆನ್ಸಿಲಿನಿಂದ ಅವಳೇ ಬರೆದದ್ದು. "ಇದರಲ್ಲಿ ಕರಡಿ ಒಂದೇ. ಬಂದು ಹೋದ್ರೆ ಆಮೇಲೆ ಧೈರ್ಯವಾಗಿ ನಡೀಬಹುದು" ಎಂದಳು.

ಯಜಮಾನರು ಒಂದೊಂದೇ ಕಾರ್ಡ್ ಎತ್ತತೊಡಗಿದರು. ಕರಡಿ ಬರಲಿಲ್ಲ. ಕಟ್ಟು ಕರಗುತ್ತ ಬಂದಂತೆ ಅವರು ಪ್ರತಿ ಕಾರ್ಡಿನ ಮೂಲೆ ಎತ್ತಿ ಇಣುಕತೊಡಗಿದರು. ಕೋಣೆಯಿಂದ ಅತ್ತೆಯವರೂ ಬಂದು ಕನ್ನಡಕ ಏರಿಸಿಕೊಂಡು ನಿಂತರು. ಇನ್ನೂ ಬಾರದ ಕರಡಿ ಬಂದ ಕರಡಿಗಿಂತ ಹೆಚ್ಚು ಹೆದರಿಸಬಹುದೆಂದು ನನಗೆ ಹೊಳೆದದ್ದು ಆಗಲೇ. ಎಂಥ ತಲೆ ಇವಳದು!

ಯಜಮಾನರು ಮುಂದಿನ ಕಾರ್ಡ್ ಎತ್ತಿ ಗಟ್ಟಿಯಾಗಿ ಓದಿದರು: "ದಾರಿಯಲ್ಲಿ ದಾಳ ಉಜ್ಜುತ್ತಿರುವ ಒಬ್ಬ ಗಂಡ ಸಿಕ್ಕಿದ. ಬುದ್ಧಿ ಹೇಳಲು ಹೋಗಬೇಡಿ, ಒಂದು ಸರದಿ ವ್ಯರ್ಥ." ಕೆಳಗೆ ನನ್ನ ಚಿತ್ರ.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಆಟ ಒಪ್ಪಿದೆ. ಈ ಚಿತ್ರಾನೇ ಪೆಟ್ಟಿಗೆ ಮೇಲೆ ಹಾಕೋಣ."

ಹೀಗೆ ನಾನು ಅಂಗಡಿಯ ಗಾಜಿನೊಳಗೆ ಕೂತೆ. ಮೊನ್ನೆ ಅತ್ತೆಯವರನ್ನು ಕರೆದೊಯ್ದು ಪೆಟ್ಟಿಗೆಯ ಮೇಲಿನ ನನ್ನ ಚಿತ್ರವನ್ನು ಹೆಮ್ಮೆಯಿಂದ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

"ಪರವಾಗಿಲ್ಲ," ಎಂದರು, "ಕರಡಿ ಚೆನ್ನಾಗಿ ಬಂದಿದೆ."