ಮನೆಯಿಂದ ತಂದ ಸೋಂಕು

ಆಸ್ಪತ್ರೆಯಲ್ಲಿ ಲೆಕ್ಕ ಇಡುವವನಿಗೆ ನಗು ಬರಿಸುವ ಸಂಗತಿಗಳಿಗೆ ಕೊರತೆಯಿಲ್ಲ. ನಗುವುದಕ್ಕೆ ಮಾತ್ರ ಆಮೇಲೆ ಹಲವು ವರ್ಷ ಬೇಕಾಗುತ್ತದೆ.

ತೊಂಬತ್ತರ ದಶಕದ ಕೊನೆಯಲ್ಲಿ ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವಿನ ಒಂದು ಟ್ರಸ್ಟ್ ಆಸ್ಪತ್ರೆಗೆ ಸೇರಿದೆ. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನಿಗೆ ಕೊಟ್ಟ ಕೆಲಸ ಇಷ್ಟು: ಆಸ್ಪತ್ರೆಗೆ ಬಂದ ಮೇಲೆ ಎಷ್ಟು ಜನಕ್ಕೆ ಸೋಂಕು ತಗಲಿತು ಎಂದು ತಿಂಗಳು ತಿಂಗಳು ಎಣಿಸಿ, ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಗೋಡೆಯ ಮೇಲೆ ಗೆರೆ ಎಳೆದು ತೋರಿಸುವುದು.

೧. ಮುಂಗಡ ಸೊನ್ನೆ

ರಿಜಿಸ್ಟರನ್ನು ಹಿರಿಯ ಸಿಸ್ಟರಿಗೆ ಒಪ್ಪಿಸಿದ್ದೆ. ಜುಲೈನಲ್ಲಿ ತೆರೆದು ನೋಡಿದರೆ ಎಲ್ಲ ಸಾಲಿನಲ್ಲೂ ಸೊನ್ನೆ.

"ಒಬ್ಬರಿಗೂ ಕೀವಾಗಲಿಲ್ಲವೇ ಸಿಸ್ಟರ್?"

"ಆಗಿದೆ. ಬರೆದ್ರೆ ನಮ್ಮ ವಾರ್ಡಿಗೆ ಕೆಟ್ಟ ಹೆಸರಲ್ವೇನ್ರೀ?"

ಪುಟ ತಿರುವಿದೆ. ಡಿಸೆಂಬರಿನ ಸೊನ್ನೆಗಳೂ ಆಗಲೇ ಸಿದ್ಧವಾಗಿದ್ದವು.

"ವರ್ಷದ ಕೊನೇಲಿ ಪುರುಸೊತ್ತು ಸಿಗಲ್ಲ, ಅದಕ್ಕೇ" ಎಂದರು.

೨. ಗೆರೆ ಇಳಿದ ಬಗೆ

ಮಂಚದಿಂದ ಮಂಚಕ್ಕೆ ಹೋಗಿ ನಾನೇ ಎಣಿಸಿದೆ. ಗೆರೆ ಏರಿತು. ದೊಡ್ಡ ಡಾಕ್ಟರು ಕರೆಸಿದರು.

"ನೀವು ಬರೋ ಮುಂಚೆ ಇಲ್ಲಿ ಸೋಂಕೇ ಇರಲಿಲ್ಲ ಕಣ್ರೀ."

ಮದ್ದನ್ನೂ ಅವರೇ ಕಂಡುಹಿಡಿದರು. ಹೊಲಿಗೆ ಕೆಂಪಾದ ಕೂಡಲೇ ಡಿಸ್ಚಾರ್ಜ್. ಕೀವಾಗಿ ವಾಪಸು ಬಂದರೆ ಹೊಸ ರೋಗಿ, ಚೀಟಿಯಲ್ಲಿ ಷರಾ, "ಸೋಂಕು ಮನೆಯಿಂದ ತಂದದ್ದು." ಗೆರೆ ಸರ್ರನೆ ಇಳಿಯಿತು. ಟ್ರಸ್ಟಿನವರು ಬಂದು ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ನಾನೂ ಇದ್ದೇನೆ. ಹಿಂದೆ ಬೆಂಚಿನಲ್ಲಿ ಕಾಣುವವರು ಎರಡನೇ ಸಲ ಹೊಸ ರೋಗಿಗಳಾಗಲು ಕಾದಿದ್ದವರು.

೩. ಎಮ್ಮೆ

ಹದಿನಾರು ಎಂಬ ಹಳ್ಳಿಯ ಒಬ್ಬ ಬಾಣಂತಿ, ಸಿಸೇರಿಯನ್ ಆಗಿ ಮಗುವಿನೊಂದಿಗೆ ಮನೆಗೆ ಹೋದವಳು, ವಾರದೊಳಗೆ ಹೊಟ್ಟೆಯ ಗಾಯ ಕೀವಾಗಿ, ಜ್ವರದಲ್ಲಿ ಕುದಿಯುತ್ತ ವಾಪಸು ಬಂದಳು. ಜೊತೆಗೆ ಅವಳ ಅತ್ತೆ, ಒಬ್ಬ ಮುದುಕಿ.

"ಮನೆ ಗಲೀಜು. ಅದಕ್ಕೇ ಹಿಂಗಾಗಿದೆ" ಎಂದು ಡಾಕ್ಟರು ರೇಗಿದರು.

"ಸುಣ್ಣ ಬಳ್ದು ಒಳಮನೇಲಿ ಮಲಗ್ಸಿದ್ದೊ ಸಾ. ಅದೇ ವಾರ ನಮ್ ಕೊಟ್ಗೇಲಿ ಎಮ್ಮೆ ಈತು. ಅದ್ಕೇನೂ ಆಗ್ನಿಲ್ಲ."

"ಅದಕ್ಕೆ?"

"ಅದ್ನ ನೀವು ಮುಟ್ಟಿರ್ನಿಲ್ಲ ಸಾ."

ಡಾಕ್ಟರು ಮುಂದಿನ ಮಂಚಕ್ಕೆ ಹೋದರು. ಸೊಸೆಯನ್ನು ಮರುದಿನ ಮೈಸೂರಿಗೆ ಸಾಗಿಸಿದರು. ಅಲ್ಲಿ ತೀರಿಕೊಂಡಳು. ಅಲ್ಲಿ ತೀರಿಕೊಂಡಿದ್ದರಿಂದ ನಮ್ಮ ಲೆಕ್ಕಕ್ಕೆ ಸೇರಲಿಲ್ಲ.

೪. ಸಾಕ್ಷಿ

ತಿಂಗಳಾದ ಮೇಲೆ ಮುದುಕಿ ಒಬ್ಬಳೇ ಬಂದಳು. ಕೈಯಲ್ಲಿ ನಮ್ಮದೇ ಚೀಟಿ.

"ಮನೆಯಿಂದ ಬಂತು ಅಂತ ಇದ್ರಲ್ಲಿ ಬರ್ದಿದ್ದೀರಂತೆ. ಸೊಸೆ ತವರ್ನೋರು ಓದುಸ್ಕಂಡು, ಗಲೀಜು ಮನೇಗೆ ಕೂಸು ಕೊಡಕಿಲ್ಲ ಅಂತ ಎತ್ಕಂಡೋದ್ರು. ಅದೊಂದ್ನ ಅಳ್ಸಾಕಿ ಸಾ. ಕೂಸು ಕೊಡ್ತಾರೆ."

ಡಾಕ್ಟರ ಮುಂದೆ ನಿಲ್ಲಿಸಿದೆ. ಸಿಸ್ಟರೂ ಅಲ್ಲಿದ್ದರು.

"ಆಸ್ಪತ್ರೆಯಿಂದಲೇ ಬಂತು ಅನ್ನೋದಕ್ಕೆ ಸಾಕ್ಷಿ ಏನಮ್ಮ?"

"ನಾನೇಯ. ಆಪರೇಸನ್ ದಿನ ನಿಮ್ ನಲ್ಲೀಲಿ ನೀರಿರ್ನಿಲ್ಲ. ನಾ ಕುಡ್ಯಾಕೆ ತಂದಿದ್ದ ಬಿಂದ್ಗೆ ಇಸ್ಕಂಡು, ಈ ಸಿಸ್ಟರಮ್ಮ ನಿಮ್ ಕೈಗೆ ನೀರು ಉಯ್ದ್ರು. ಎರಡೇ ಎರಡು ಚೊಂಬು. ಕಂಡಿವ್ನಿ."

ಸಿಸ್ಟರು ಫ್ಯಾನು ನೋಡತೊಡಗಿದರು. ಡಾಕ್ಟರು ತಮ್ಮ ಕೈ ನೋಡಿಕೊಂಡರು. ಆಮೇಲೆ ಮುಖ ಅರಳಿತು.

"ಆ ನೀರು ಎಲ್ಲೀದು?"

"ನಮ್ಮನೇದು ಸಾ. ಬಾವೀದು."

"ಬರ್ಕೊಳ್ರೀ!" ಎಂದರು ನನಗೆ. "ಮನೆಯಿಂದಲೇ ಬಂದದ್ದು. ಅವಳೇ ಒಪ್ಪಿದ್ದಾಳೆ."

ಬರೆದೆ. ಕೆಲಸ ಕಳೆದುಕೊಳ್ಳುವ ಧೈರ್ಯವನ್ನು ಎಂ.ಎಸ್ಸಿ.ಯಲ್ಲಿ ಕಲಿಸುವುದಿಲ್ಲ.

"ನಾ ಏಳಿದ್ದೇ ಬರ್ದ್ರಾ ಸಾ?"

"ನೀವು ಹೇಳಿದ್ದೇ."

ಮುದುಕಿ ತೃಪ್ತಿಯಿಂದ ಅದರ ಕೆಳಗೆ ಹೆಬ್ಬೆಟ್ಟು ಒತ್ತಿದಳು. "ಇನ್ ಕೂಸು ಕೊಡ್ತಾರೆ, ಅಲ್ವಾ ಸಾ?"

ಅವಳ ಬೆರಳಿನ ಮಸಿ ತೊಳೆಸೋಣವೆಂದು ಮೂಲೆಯ ನಲ್ಲಿ ತಿರುಗಿಸಿದೆ. ಬರೀ ಗಾಳಿ ಬಂತು.

"ಬುಡಿ ಸಾ," ಎಂದಳು, "ಮನೇಗೋಗಿ ತೊಳ್ಕತೀನಿ."