ಪಾಸಿಟಿವ್ ಬಂದ ಒಂಟೆಯವರಿಗೆ, ಬೀಗದೊಳಗಿಂದ

ಉದ್ಯಾನದಲ್ಲಿ ಮಕ್ಕಳನ್ನು ಹೊತ್ತು ತಿರುಗುವ ಒಂಟೆಯವರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಉದ್ದನೆಯ ಕುತ್ತಿಗೆಗೂ ಅದಕ್ಕಿಂತ ಉದ್ದನೆಯ ಸಹನೆಗೂ ವಂದನೆಗಳು. ‘ಒಂಟೆ ಮರಳುಗಾಡಿನ ಹಡಗು, ಅದರ ಹಾಯಿ...’ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ ಸಾಲೊಂದು ಅರ್ಧ ನೆನಪಿದೆ. ಹಾಯಿ ಏನಾಗಿತ್ತೋ ಮರೆತಿದ್ದೇನೆ. ಬರೆದವರು ಹಡಗಿನ ಮೂಗಿಗೆ ಹತ್ತಿಕಡ್ಡಿ ಹಾಕಿ ನೋಡಿದವರಲ್ಲ ಎಂಬುದು ಮಾತ್ರ ಈಗ ಖಾತ್ರಿಯಾಗಿದೆ. ಹಡಗು ಸೀನುವುದಿಲ್ಲ.

ಕಳೆದ ವಾರ ಪಶುರೋಗ ಪ್ರಯೋಗಾಲಯದಿಂದ ಬಂದು ತಮ್ಮ ಮೂಗಿಗೆ ಕಡ್ಡಿ ಹಾಕಿದವಳು ನಾನೇ. ಮನುಷ್ಯರಿಗೆ ದಾಟಬಲ್ಲ ಕೊರೊನಾ ವೈರಾಣು ಒಂಟೆಗಳಲ್ಲಿ ಇದೆಯೇ ಎಂದು ಹುಡುಕುವುದು ನಮ್ಮ ಕೆಲಸ. ಮೂರು ಕಡ್ಡಿಗಳನ್ನು ಅಗಿದು ಉಗಿದು, ನಾಲ್ಕನೆಯದನ್ನು ನನ್ನ ಪಾಲಿಗೆ ಬಿಟ್ಟುಕೊಟ್ಟ ತಮ್ಮ ಔದಾರ್ಯವನ್ನು ಮರೆಯಲಾರೆ. ತಪ್ಪು ನಡೆದದ್ದು ಆಮೇಲೆ. ಮನುಷ್ಯರಿಗೆಂದು ಮಾಡಿದ ಫಾರಂ ಅನ್ನೇ ಕಚೇರಿ ಒಂಟೆಗಳಿಗೂ ಬಳಸುತ್ತದೆ. ಮೊಬೈಲ್ ಸಂಖ್ಯೆ ತುಂಬದೆ ಅದು ಮುಂದಕ್ಕೆ ಹೋಗುವುದಿಲ್ಲ. ತಮ್ಮ ಬಳಿ ಮೊಬೈಲ್ ಕಾಣಲಿಲ್ಲವಾಗಿ ನನ್ನದನ್ನೇ ಬರೆದೆ.

ಫಲಿತಾಂಶ ಪಾಸಿಟಿವ್. ಮರುದಿನವೇ ಆರೋಗ್ಯ ಇಲಾಖೆಯವರು ನನ್ನ ಬಾಗಿಲಿಗೆ ಕೆಂಪು ಚೀಟಿ ಅಂಟಿಸಿ, ಹದಿನಾಲ್ಕು ದಿನ ಹೊರಗೆ ಕಾಲಿಡಬಾರದೆಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಇಷ್ಟು ಶಿಸ್ತಿನಿಂದ ಪಾಲಿಸಿದ ಇಲಾಖೆಯನ್ನು ನಾನು ಕಂಡಿರಲಿಲ್ಲ. ಫೋನ್ ಮಾಡಿ, ನಾನು ಒಂಟೆಯಲ್ಲ, ವೈರಾಣು ಸಿಕ್ಕಿದ್ದು ಒಂಟೆಯ ಮೂಗಿನಲ್ಲಿ ಎಂದೆ. “ಎಲ್ಲಾರೂ ಹಿಂಗೇ ಏನೋ ಒಂದು ಹೇಳ್ತಾರೆ ಮೇಡಂ” ಎಂದರು ಗುಮಾಸ್ತರು.

ಇದನ್ನು ಸಹಿಸಬಲ್ಲೆ, ಓದದೆ ಉಳಿದ ಕವನಸಂಕಲನಗಳು ಮನೆಯಲ್ಲಿ ಬೇಕಾದಷ್ಟಿವೆ. ಆದರೆ ತಮ್ಮನ್ನು ಸಾಕಿದ ಅಜ್ಜನಿಗೆ ನಾಲ್ಕು ದಿನದಿಂದ ಜ್ವರ. ಫೋನಿನಲ್ಲಿ ಅವರ ಮಾತಿಗಿಂತ ಕೆಮ್ಮೇ ಹೆಚ್ಚು ಕೇಳಿಸಿತು. ತಮ್ಮ ಮೂಗು ಸೋರಿಸಿ ಸುಮ್ಮನಾಗುವ ಈ ವೈರಾಣು ಅವರ ವಯಸ್ಸಿನವರ ಉಸಿರನ್ನೇ ಹಿಡಿದುಬಿಡಬಹುದು. ಅವರನ್ನು ಪರೀಕ್ಷಿಸಿ ಎಂದು ಇಲಾಖೆಗೆ ಮೂರು ಸಲ ಬೇಡಿಕೊಂಡೆ. ಒಂಟೆಯ ಕೊಟ್ಟಿಗೆಯಲ್ಲಿ ಯಾವ ಕೇಸೂ ದಾಖಲಾಗಿಲ್ಲ, ಕೇಸು ಇರುವುದು ನನ್ನ ಮನೆಯಲ್ಲೇ ಎಂದು ಮೂರು ಸಲವೂ ಸಮಾಧಾನ ಹೇಳಿದರು.

ಆದ್ದರಿಂದ ತಮ್ಮಲ್ಲೇ ವಿನಂತಿ. ಅಜ್ಜ ಒರಗಿಕೊಳ್ಳಲು ಬಂದರೆ ದಯವಿಟ್ಟು ಎದ್ದು ದೂರ ಹೋಗಿ. ಸೀನುವಾಗ ಮೊಣಕೈ ಅಡ್ಡ ಹಿಡಿಯಿರಿ, ತಮ್ಮಲ್ಲಿ ಯಾವುದನ್ನು ಮೊಣಕೈ ಎನ್ನುತ್ತಾರೋ ಅದನ್ನು. ಸಾಧ್ಯವಾದರೆ ಇಲಾಖೆಗೆ ಖುದ್ದಾಗಿ ದಯಮಾಡಿಸಿ, ಗುಮಾಸ್ತರ ಮೇಜಿನ ಮುಂದೆ ಮಂಡಿಯೂರಿ, ಪಾಸಿಟಿವ್ ಬಂದದ್ದು ತಮಗೇ ಎಂದು ಒಪ್ಪಿಕೊಳ್ಳಿ. ಗುರುತು ಕೇಳಿದರೆ ಡುಬ್ಬ ತೋರಿಸಿ.

ತಮ್ಮ ರೋಗವನ್ನು ತಮ್ಮ ಪರವಾಗಿ ಅನುಭವಿಸುತ್ತಿರುವ,
ತಮ್ಮ ವಿಶ್ವಾಸಿ

ಕೊನೆಗೊಂದು ಮಾತು: ಇಲಾಖೆಯ ಆಸೆ ಬಿಟ್ಟು, ಪಕ್ಕದ ಮನೆಯ ದರ್ಜಿಯಮ್ಮನನ್ನು ಬೆಳಿಗ್ಗೆ ಅಜ್ಜನ ಬಳಿಗೆ ಕಳಿಸಿದ್ದೆ. ಈಗಷ್ಟೇ ಬಂದು, ಮಾಸ್ಕ್ ಬಿಚ್ಚದೆ, ಬಾಗಿಲಾಚೆಯಿಂದಲೇ ಹೇಳಿದರು: “ಅಕ್ಕಾ, ಅಜ್ಜನ್ನ ಆಸ್ಪತ್ರೆಗೆ ಸೇರಿಸ್ಬಿಟ್ಟೆ. ಒಂಟೇನ ಯಾರ ಕೈಗೆ ಬಿಡ್ಲಿ ಅಂತ ಒಂದೇ ಹಟ. ಅದಕ್ಕೇ ತಂದು ನಿಮ್ಮ ಗೇಟಿಗೆ ಕಟ್ಟಿದೀನಿ. ಹೆಂಗಿದ್ರೂ ನೀವು ಎಲ್ಲೂ ಹೋಗೋ ಹಾಗಿಲ್ವಲ್ಲ.”